ಹಳೆಯ ಲ್ಯಾಪ್‌ಟಾಪಿನ ಪ್ರಕೃತಿ–ಪ್ರತ್ಯಯ ವಿಚಾರ

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ‘ಆಟ’ ಎಂಬ ಶಬ್ದಕ್ಕೆ ರೂಢಿಯಲ್ಲಿರುವ ಮುಖ್ಯಾರ್ಥವು ಯಕ್ಷಗಾನ ಬಯಲಾಟ. ‘ಇಂದು ರಾತ್ರಿ ಆಟವಿದೆ’ ಎಂದೊಡನೆ ಕೇಳಿದವರು ಯಾವ ಮೇಳ, ಯಾವ ಪ್ರಸಂಗ ಎಂದು ವಿಚಾರಿಸುವರೇ ಹೊರತು ಚೆಂಡಾಟವೋ ಚದುರಂಗವೋ ಎಂದು ಸಂಶಯಪಡುವುದಿಲ್ಲ. ಆದರೆ ಮಂಗಳೂರು ನಗರದ ಕಾಲೇಜುಗಳಲ್ಲಿ ಓದುವ ಈಗಿನ ವಿದ್ಯಾರ್ಥಿಗಳ ಬಾಯಲ್ಲಿ ಈ ಶಬ್ದವು ಅರ್ಥಾಂತರವನ್ನು ಹೊಂದಿ, ಗಣಕಯಂತ್ರದ ಪರದೆಯ ಮೇಲೆ ಬೆರಳ ತುದಿಯಿಂದ ಆಡುವ ಕ್ರೀಡೆಯನ್ನು ಸೂಚಿಸುತ್ತಿದೆ. ಶಬ್ದಗಳು ಕಾಲಕಾಲಕ್ಕೆ ಅರ್ಥವನ್ನು ಬದಲಿಸುವುದು ಭಾಷೆಯ ಸ್ವಭಾವವಾದುದರಿಂದ ಅದಕ್ಕಾಗಿ ವಿಷಾದಪಡಬೇಕಾಗಿಲ್ಲ. ಆದರೆ ಈ ಹೊಸ ಆಟಕ್ಕೆ ಬೇಕಾದ ಸಾಧನವನ್ನು ಕೊಳ್ಳುವಾಗ ನಮ್ಮ ಮಕ್ಕಳು ಕಷ್ಟದ ಹಣವನ್ನು ಕಳೆದುಕೊಳ್ಳುತ್ತಿರುವುದನ್ನು ಕಂಡೂ ಸುಮ್ಮನಿರುವುದು ಉಚಿತವಲ್ಲ. ಆ ಕಾರಣದಿಂದ ಈ ಲೇಖನ.

ಆಟಕ್ಕೆಂದೇ ತಯಾರಾದ ಹೊಸ ಲ್ಯಾಪ್‌ಟಾಪಿಗೆ ಐವತ್ತು ಅರುವತ್ತು ಸಾವಿರ ರೂಪಾಯಿಗಳಿಂದ ಮೇಲಕ್ಕೇ ಬೆಲೆ. ಬೀಡಿ ಕಟ್ಟಿ ಮನೆ ನಡೆಸುವ ತಾಯಿಗೂ ಬಂದರಿನಲ್ಲಿ ಹೊರೆ ಹೊರುವ ತಂದೆಗೂ ಅದು ಎಟುಕುವ ಮಾತಲ್ಲ. ಆದುದರಿಂದ ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಇದೇ ನಗರದ ಕಾಲೇಜುಗಳಿಗೆ ಸೇರುವ ಹುಡುಗರಲ್ಲಿ ಅನೇಕರು, ಇಪ್ಪತ್ತು ಸಾವಿರದ ಒಳಗಿನ ಮೊತ್ತವನ್ನು ಜೇಬಿನಲ್ಲಿಟ್ಟುಕೊಂಡು, ಹಂಪನಕಟ್ಟೆ, ಬಲ್ಮಠ, ಕಂಕನಾಡಿಗಳ ಸುತ್ತಮುತ್ತಲಿನ ಅಂಗಡಿಗಳಲ್ಲಿ ಹಳೆಯ ಯಂತ್ರಗಳನ್ನು ಹುಡುಕುತ್ತಾ ಅಲೆಯುವುದುಂಟು. ಕೆಲವರು ಊರು ಬಿಟ್ಟು ಹೊರಡುವ ಹಿರಿಯ ವಿದ್ಯಾರ್ಥಿಗಳಿಂದ ನೇರವಾಗಿ ಕೊಳ್ಳುತ್ತಾರೆ. ವ್ಯಾಕರಣದ ಪಾಠ ಹೇಳುವವನಿಗೆ ಈ ಯಂತ್ರದ ಗೊಡವೆ ಏಕೆಂದು ಓದುಗರು ಕೇಳಬಹುದು. ಇದರ ಒಳಹೊಕ್ಕು ನೋಡಿದವರಿಗೆ ಕೇಶಿರಾಜನ ಶಿಷ್ಯರಿಗೂ ಇಲ್ಲಿ ಕೆಲಸವುಂಟೆಂಬುದು ಗೊತ್ತಾಗುವುದು.

ಮೊದಲಿಗೆ ಹಿರಿಯರ ಒಂದು ಆಕ್ಷೇಪವನ್ನು ಪರಿಹರಿಸಬೇಕು. ಆಟಕ್ಕಾಗಿ ಹಣವನ್ನು ವ್ಯಯಿಸುವುದೇ ದುರಭ್ಯಾಸವೆಂದು ಹೇಳುವವರಿದ್ದಾರೆ. ಆಟಿ ತಿಂಗಳ ಜಡಿಮಳೆಯಲ್ಲಿ ಹೊರಗೆ ಕೆಲಸವಿಲ್ಲದಾಗ ತುಳುನಾಡಿನ ಮನೆಗಳಲ್ಲಿ ಚೆನ್ನೆಮಣೆಯನ್ನು ಹಾಕಿಕೊಂಡು ಕುಳಿತವರೆಲ್ಲರೂ ದುರಭ್ಯಾಸಿಗಳೆಂದು ಹೇಳಲು ನನಗೆ ಧೈರ್ಯವಿಲ್ಲ. ಹದಿನಾಲ್ಕು ಗುಳಿಗಳ ಆ ಮಣೆಯೂ ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಹಳೆಯ ವಸ್ತುವೇ. ಅದು ಸೆಕೆಂಡ್ ಹ್ಯಾಂಡ್ ಎಂದು ಯಾರೂ ಮೂಗು ಮುರಿದುದಿಲ್ಲ. ಓದಿನ ಹೊತ್ತನ್ನು ನುಂಗದಿರುವ ಆಟ ಮನಸ್ಸಿಗೆ ಹಿತವೇ. ಹಣವನ್ನು ಪಣಕ್ಕಿಟ್ಟು ಆಡುವ ಆಟ ಮಾತ್ರ ಇಲ್ಲಿ ನಮ್ಮ ವಿಚಾರಕ್ಕೆ ಸೇರುವುದಿಲ್ಲ. ಅದು ಜೂಜು, ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು.

ಲ್ಯಾಪ್‌ಟಾಪಿಗೆ ‘ಮಡಿಲ ಗಣಕ’ ಎಂಬ ಕನ್ನಡ ಹೆಸರನ್ನು ಕೆಲವರು ಸೂಚಿಸಿರುವುದುಂಟು. ಹೆಸರು ಚೆಲುವಾಗಿದೆ. ಆದರೆ ಅಂಗಡಿಯಲ್ಲಿ ಹಾಗೆ ಕೇಳಿದರೆ ತೊಟ್ಟಿಲು ಮಾರುವ ಕಡೆಗೆ ಕೈ ತೋರಿಸಿಯಾರು, ಲೋಕರೂಢಿಯನ್ನೇ ಅನುಸರಿಸೋಣ.

ನಾಮಪ್ರಕೃತಿಗೆ ವಿಭಕ್ತಿಪ್ರತ್ಯಯ ಸೇರಿ ನಾಮಪದವಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಕೆಳಗಿನ ತರಗತಿಗಳಲ್ಲಿಯೇ ಕಲಿತಿದ್ದಾರೆ. ‘ಮರ’ ಎಂಬ ಪ್ರಕೃತಿಯು ಸ್ಥಿರ. ಮರವನ್ನು, ಮರದಿಂದ, ಮರಕ್ಕೆ ಎಂದು ಪ್ರತ್ಯಯಗಳು ಬಂದು ಹೋಗುತ್ತವೆ. ಲ್ಯಾಪ್‌ಟಾಪನ್ನು ಬಿಚ್ಚಿ ನೋಡಿದರೆ ಅದರ ಅಂಗಗಳೂ ಹೀಗೆಯೇ ಎರಡು ಬಗೆಯಾಗಿವೆ. ಮದರ್‌ಬೋರ್ಡ್ ಎಂಬ ಮೂಲಫಲಕ, ಅದರ ಮೇಲೆ ಬೆಸುಗೆಯಿಂದ ಕೂರಿಸಿದ ಪ್ರೊಸೆಸರ್, ಚಿತ್ರಗಳನ್ನು ರಚಿಸುವ ಗ್ರಾಫಿಕ್ಸ್ ಚಿಪ್, ಇವು ಮೂರೂ ಪ್ರಕೃತಿ. ಇವನ್ನು ಬದಲಿಸುವುದೆಂದರೆ ಬೇರೊಂದು ಯಂತ್ರವನ್ನು ಕೊಂಡಂತೆಯೇ. ಸ್ಮೃತಿಯ ಪಟ್ಟಿ ಅಂದರೆ ರ‍್ಯಾಮ್, ಸಂಗ್ರಹದ ಡಿಸ್ಕ್, ಬ್ಯಾಟರಿ, ಕೀಲಿಮಣೆ, ಫ್ಯಾನ್, ಚಾರ್ಜರ್, ಸ್ವಲ್ಪ ಹೆಚ್ಚು ಖರ್ಚಿನಲ್ಲಿ ಪರದೆ, ಇವೆಲ್ಲ ಪ್ರತ್ಯಯಗಳು. ತಿರುಪು ಬಿಚ್ಚಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಬಹುದು.

ಹಳೆಯ ಯಂತ್ರವನ್ನು ಕೊಳ್ಳುವವರು ಪ್ರಕೃತಿಯು ಬಲವಾಗಿದ್ದು ಪ್ರತ್ಯಯಗಳು ಸವೆದಿರುವುದನ್ನು ಆರಿಸಬೇಕು. ನಮ್ಮ ಹುಡುಗರು ಮಾಡುತ್ತಿರುವುದು ಇದಕ್ಕೆ ವಿಪರೀತ. ಹೊಳೆಯುವ ಪರದೆ, ಕೆಂಪು ದೀಪದ ಕೀಲಿಗಳು, ಹೊಸ ಬ್ಯಾಟರಿ ಎಂಬ ಪ್ರತ್ಯಯಗಳಿಗೆ ಮರುಳಾಗಿ, ಒಳಗೆ ಬೆಂದುಹೋದ ಪ್ರಕೃತಿಯನ್ನು ಮನೆಗೆ ತರುತ್ತಾರೆ. ಬ್ಯಾಟರಿ ಸತ್ತಿರುವ, ಎರಡು ಕೀಲಿ ಕಿತ್ತುಹೋಗಿರುವ ಯಂತ್ರಕ್ಕೆ ಕೇಳುವವರಿಲ್ಲದೆ ಬೆಲೆ ಇಳಿದಿರುತ್ತದೆ. ಬಡವನ ಲಾಭವಿರುವುದು ಅಲ್ಲಿಯೇ.

ಆದರೆ ಪ್ರಕೃತಿ ಎಷ್ಟು ಬಲವಾಗಿರಬೇಕು? ಇದು ಆಡುವ ಆಟವನ್ನು ಅವಲಂಬಿಸಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಪತ್ನಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಹಿಂದಿರುಗಿ ಸುರಿದು ಬರುವಂತೆ ಹೇಳಿದ ಕಥೆಯನ್ನು ನಮ್ಮ ಮಕ್ಕಳು ಬಲ್ಲರು. ಆ ತಾಯಿಯ ಲೆಕ್ಕವೇ ಇಲ್ಲಿಯೂ ಸರಿಯಾದ ಲೆಕ್ಕ. ಮೊದಲು ಆಟ, ಅನಂತರ ಯಂತ್ರ. ಪ್ರತಿಯೊಂದು ಆಟದ ತಯಾರಕರೂ ಅದಕ್ಕೆ ಬೇಕಾದ ಕನಿಷ್ಠ ಸಾಮರ್ಥ್ಯವನ್ನು ಪ್ರಕಟಿಸಿರುತ್ತಾರೆ. ಅದನ್ನು ಬರೆದುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಬೇಕು. 1999ರಲ್ಲಿ ಬಂದ ಏಜ್ ಆಫ್ ಎಂಪೈರ್ಸ್ ಆಟದ ಎರಡನೆಯ ಭಾಗಕ್ಕಾಗಲಿ, ಲಕ್ಷಾಂತರ ಮಕ್ಕಳು ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಊರು ಕಟ್ಟುವ ಮೈನ್‌ಕ್ರಾಫ್ಟಿಗಾಗಲಿ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪು ಬೇಕಿಲ್ಲ. ಪ್ರೊಸೆಸರಿನ ಒಳಗೇ ಅಡಕವಾಗಿರುವ ಚಿತ್ರಶಕ್ತಿಯಿಂದ ಅವು ನಡೆಯುತ್ತವೆ. 2020ರಲ್ಲಿ ಬಂದ ವ್ಯಾಲೊರಂಟ್ ಕೂಡ ಹಗುರವಾದ ಆಟವೇ. ಅದೇ ವರ್ಷದ ಸೈಬರ್‌ಪಂಕ್ 2077 ಎಂಬುದಾದರೋ ಬಕಾಸುರನಂತಹದು. ಬಂಡಿಯನ್ನ ಬಡಿಸಿದರೂ ಸಾಲದು. ಇಪ್ಪತ್ತು ಸಾವಿರದ ಯಂತ್ರವನ್ನು ಕೊಳ್ಳುವವರು ಅದರ ಆಸೆಯನ್ನು ಬಿಡುವುದೇ ಲೇಸು.

ಇನ್ನು ಯಂತ್ರದ ಹೆಸರನ್ನು ಓದುವ ಕ್ರಮ. ಮಾರುವವರು ‘ಐ7 ಇದೆ, ಐ7’ ಎಂದು ಕೂಗಿ ಹೇಳುತ್ತಾರೆ. ಪೂರ್ವಪದವನ್ನಷ್ಟೇ ಕೇಳಿ ಸಮಾಸಕ್ಕೆ ಅರ್ಥ ಹೇಳಬಾರದು. ಇಂಟೆಲ್ ಸಂಸ್ಥೆಯ ಐ7-7500ಯು ಎಂಬ ಪ್ರೊಸೆಸರಿನಲ್ಲಿ ಗಡ್ಡೆಯ ನಂತರದ ಮೊದಲ ಅಂಕಿ 7 ಎಂಬುದು ತಲೆಮಾರನ್ನು ಸೂಚಿಸುತ್ತದೆ. ಅದರಲ್ಲಿರುವ ಕೋರುಗಳು ಎರಡೇ. ಮರುತಲೆಮಾರಿನ ಐ5-8250ಯು ಹೆಸರಿನಲ್ಲಿ ಚಿಕ್ಕದಾದರೂ ಅದರಲ್ಲಿ ಕೋರುಗಳು ನಾಲ್ಕು. ಅಂದರೆ ಐದನ್ನು ಕೊಂಡವನೇ ಏಳನ್ನು ಕೊಂಡವನಿಗಿಂತ ಬುದ್ಧಿವಂತ. ಕೊನೆಯ ಅಕ್ಷರವೂ ನಿರರ್ಥಕವಲ್ಲ. ‘ಯು’ ಎಂದಿದ್ದರೆ ಹದಿನೈದು ವ್ಯಾಟ್‌ಗಳ ಆಸುಪಾಸಿನಲ್ಲಿ ಮಿತವಾಗಿ ವಿದ್ಯುತ್ತನ್ನು ಸೇವಿಸುವ ಜಾತಿ; ‘ಎಚ್’ ಎಂದಿದ್ದರೆ ನಲವತ್ತೈದು ವ್ಯಾಟ್‌ಗಳಷ್ಟು ಉಂಡು ಹೆಚ್ಚು ದುಡಿದು ಹೆಚ್ಚು ಕಾಯುವ ಜಾತಿ.

ಎಂಟನೆಯ ತಲೆಮಾರು ಮುಖ್ಯವಾಗುವುದಕ್ಕೆ ಇನ್ನೊಂದು ಕಾರಣವುಂಟು. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಅದರ ಮುಂದಿನದಾದ ವಿಂಡೋಸ್ 11ಕ್ಕೆ ಕೆಲವೇ ಅಪವಾದಗಳನ್ನು ಬಿಟ್ಟರೆ ಇಂಟೆಲಿನ ಎಂಟನೆಯ ತಲೆಮಾರು ಅಥವಾ ಅನಂತರದ ಪ್ರೊಸೆಸರೇ ಬೇಕು, ಟಿಪಿಎಂ 2.0 ಎಂಬ ಭದ್ರತಾ ಅಂಗವೂ ಬೇಕು. ಹೀಗಾಗಿ ಏಳನೆಯ ತಲೆಮಾರಿನ ಯಂತ್ರಗಳು ಕಚೇರಿಗಳಿಂದ ಹೊರಬಿದ್ದು ಅಗ್ಗವಾಗಿ ದೊರೆಯುತ್ತಿವೆ. ಅಗ್ಗವೆಂದು ಕೊಂಡು, ವ್ಯಾಲೊರಂಟ್ ಆಡಲೆಂದು ಅದರಲ್ಲಿ ಹೇಗೋ ವಿಂಡೋಸ್ 11ನ್ನು ತುರುಕಿದವನಿಗೆ ಆಟದ ಕಾವಲುಗಾರನು ಬಾಗಿಲಲ್ಲೇ ತಡೆಯೊಡ್ಡಬಹುದು. ವಿಂಡೋಸ್ 11ರಲ್ಲಿ ಆ ಆಟವೂ ಟಿಪಿಎಂ 2.0 ಇದೆಯೇ ಎಂದು ಪರೀಕ್ಷಿಸುತ್ತದೆ. ಉಚಿತವಾದ ಲಿನಕ್ಸ್ ವ್ಯವಸ್ಥೆಯನ್ನು ಹಾಕಿಕೊಂಡರೆ ಹಳೆಯ ಯಂತ್ರವೂ ಚುರುಕಾಗಿ ನಡೆಯುತ್ತದೆ. 2018ರಲ್ಲಿ ವಾಲ್ವ್ ಸಂಸ್ಥೆಯು ಹೊರತಂದ ಪ್ರೋಟಾನ್ ಎಂಬ ಸಾಧನದಿಂದ ವಿಂಡೋಸಿನ ಅನೇಕ ಆಟಗಳನ್ನು ಲಿನಕ್ಸಿನಲ್ಲಿ ಆಡಬಹುದು. ವ್ಯಾಲೊರಂಟ್ ಮಾತ್ರ ಅಲ್ಲಿ ನಡೆಯದು.

ಕಚೇರಿಗಳಿಂದ ಹೊರಬೀಳುವ ಯಂತ್ರಗಳ ಬಗ್ಗೆ ನನಗೆ ಒಂದು ಪಕ್ಷಪಾತವಿರುವುದನ್ನು ಮುಚ್ಚಿಡುವುದಿಲ್ಲ. ಅವು ನೋಡಲು ಕಪ್ಪು ಹಲಗೆಯಂತೆ ನೀರಸ. ಆದರೆ ಬಿಚ್ಚಿ ಸರಿಪಡಿಸುವುದಕ್ಕೆ ಅನುಕೂಲವಾಗುವಂತೆ ರಚಿತವಾದವು. 2018ರ ಲೆನೊವೊ ಥಿಂಕ್‌ಪ್ಯಾಡ್ ಟಿ480 ಎಂಬುದು ಇದಕ್ಕೆ ಒಳ್ಳೆಯ ನಿದರ್ಶನ: ರ‍್ಯಾಮ್ ಪಟ್ಟಿಗಳಿಗೆ ಎರಡು ಸ್ಥಾನ, ಹೊರಗಿನಿಂದಲೇ ಕಳಚಬಹುದಾದ ಒಂದು ಬ್ಯಾಟರಿ, ಎಂಟನೆಯ ತಲೆಮಾರಿನ ಪ್ರೊಸೆಸರ್. ಮರುವರ್ಷದ ಟಿ490ರಲ್ಲಿ ತಯಾರಕರು ಅದನ್ನು ತೆಳ್ಳಗೆ ಮಾಡುವ ಹಂಬಲದಿಂದ ರ‍್ಯಾಮಿನ ಒಂದು ಭಾಗವನ್ನು ಮೂಲಫಲಕಕ್ಕೇ ಬೆಸೆದುಬಿಟ್ಟರು. ಪ್ರತ್ಯಯವಾಗಿದ್ದುದು ಪ್ರಕೃತಿಯಲ್ಲಿ ಲೀನವಾಯಿತು. ಹೊಸದೆಲ್ಲವೂ ಕೊಳ್ಳುವವನಿಗೆ ಹಿತವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪುಳ್ಳ ಹಳೆಯ ಆಟದ ಯಂತ್ರಗಳು, ಉದಾಹರಣೆಗೆ ಎನ್ವಿಡಿಯಾ ಸಂಸ್ಥೆಯ ಜಿಟಿಎಕ್ಸ್ 1050 ಅಥವಾ 1650 ಇರುವಂಥವು, ಶಕ್ತಿಯಲ್ಲಿ ಮಿಗಿಲು, ಸಂಶಯವಿಲ್ಲ. ಆದರೆ ಅವು ವರ್ಷಗಟ್ಟಲೆ ಬೆಂಕಿಯ ಪಕ್ಕದಲ್ಲಿ ದುಡಿದು ಬಂದ ಎತ್ತುಗಳು. ಅಂಥದನ್ನು ಕೊಳ್ಳುವುದಾದರೆ ಪರೀಕ್ಷೆಯೂ ಅಷ್ಟೇ ಕಠಿನವಾಗಿರಬೇಕು. ಪರದೆಯಲ್ಲಿ ಗೆರೆಗಳು ಮೂಡಿ, ಬಿಸಿಗಾಳಿ ಊದಿ ಗ್ರಾಫಿಕ್ಸ್ ಚಿಪ್ಪನ್ನು ಎಬ್ಬಿಸಿದ ಯಂತ್ರಗಳೂ ಮಾರಾಟಕ್ಕೆ ಬರುತ್ತವೆ. ಅಂಥ ಚಿಕಿತ್ಸೆ ಬಹುಕಾಲ ನಿಲ್ಲುವುದು ಅಪರೂಪ.

ಪರೀಕ್ಷೆಯನ್ನು ಕೈಯಿಂದಲೇ ಮಾಡಬೇಕು. ಮುಚ್ಚಳವನ್ನು ನಾಲ್ಕಾರು ಸಲ ಮೆಲ್ಲನೆ ತೆರೆದು ಮುಚ್ಚಿದಾಗ ಬಿಜಾಗರಿಯ ಬಳಿ ಕಿರ್ರೆಂದರೆ ಅಥವಾ ಮೂಲೆಯ ಪ್ಲಾಸ್ಟಿಕ್ ಬಾಯಿಬಿಟ್ಟರೆ, ಸ್ವಲ್ಪ ಕಾಲದಲ್ಲಿ ಅದು ಪರದೆಯ ತಂತಿಯನ್ನೂ ಹರಿಯುವುದು. ಬೆರಳಾಡಿಸುವ ಟಚ್‌ಪ್ಯಾಡ್ ಉಬ್ಬಿದ್ದರೆ ಕೆಳಗೆ ಬ್ಯಾಟರಿ ಊದಿಕೊಂಡಿದೆಯೆಂದು ತಿಳಿಯಬೇಕು. ಆಟವಾಡಿದವರ ಯಂತ್ರದಲ್ಲಿ ಡಬ್ಲ್ಯು, ಎ, ಎಸ್, ಡಿ ಎಂಬ ನಾಲ್ಕು ಕೀಲಿಗಳು ಮೊದಲು ಸವೆಯುತ್ತವೆ; ಕನ್ನಡ ಕೀಲಿಮಣೆಯಲ್ಲಿ ಅವು ಡ, ಅ, ಸ, ದ. ಎಲ್ಲ ಕೀಲಿಗಳನ್ನೂ ಪರೀಕ್ಷಿಸಲು ನಾನು ಹೇಳಿಕೊಡುವ ಉಪಾಯವೆಂದರೆ, ನುಡಿ ತಂತ್ರಾಂಶವಿದ್ದಲ್ಲಿ ಕನ್ನಡ ವರ್ಣಮಾಲೆಯನ್ನು ಆದ್ಯಂತವಾಗಿ ಬೆರಳಚ್ಚು ಮಾಡುವುದು. ಬಹುತೇಕ ಎಲ್ಲ ಅಕ್ಷರದ ಕೀಲಿಗಳೂ ಒಮ್ಮೆಯಾದರೂ ಒತ್ತಲ್ಪಡುತ್ತವೆ. ಈ ವಿನ್ಯಾಸಕ್ಕೆ ಆಧಾರವಾದುದನ್ನು ರೂಪಿಸಿದವರು ಇಲ್ಲಿಗೆ ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು. ಅವರು ತಮ್ಮ ತಂತ್ರಾಂಶವೊಂದಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನಿಟ್ಟುದು ಪಂಡಿತವರ್ಗಕ್ಕೆ ಸಂದ ಗೌರವವೆಂದು ನಾನು ಭಾವಿಸಿದ್ದೇನೆ.

ಮಂಗಳೂರಿನಲ್ಲಿ ಕೊಳ್ಳುವವರು ವಿಶೇಷವಾಗಿ ಗಮನಿಸಬೇಕಾದುದು ನೀರು ಮತ್ತು ಉಪ್ಪು. ವರ್ಷಕ್ಕೆ 3500 ಮಿಲಿಮೀಟರುಗಳಿಗೂ ಮಿಕ್ಕಿ ಮಳೆ ಸುರಿಯುವ ಊರು ಇದು. ಕಡಲ ಗಾಳಿಯಲ್ಲಿ ಉಪ್ಪಿನಂಶವೂ ಇರುತ್ತದೆ. ದೇವರ ಕೋಣೆಯ ತಾಮ್ರದ ಚೊಂಬಿಗೆ ಹಿಡಿಯುವ ಹಸುರು ಕಿಲುಬೇ ಯಂತ್ರದ ಒಳಗಿನ ತಾಮ್ರಕ್ಕೂ ಹಿಡಿಯುತ್ತದೆ. ಚಾರ್ಜರಿನ ರಂಧ್ರ, ಯುಎಸ್‌ಬಿ ರಂಧ್ರಗಳಲ್ಲಿ ಟಾರ್ಚಿನ ಬೆಳಕು ಹಾಯಿಸಿ ನೋಡಿದಾಗ ಹಸುರೋ ಬಿಳಿಯೋ ಪುಡಿ ಕಂಡರೆ, ತಳದ ತಿರುಪುಗಳು ತುಕ್ಕು ಹಿಡಿದಿದ್ದರೆ, ಒಳಗಿನ ಅವಸ್ಥೆಯನ್ನು ಊಹಿಸಿಕೊಳ್ಳಬಹುದು. ಸಾಧ್ಯವಾದರೆ ತಳವನ್ನು ಬಿಚ್ಚಿಸಿಯೇ ನೋಡಬೇಕು. ಬಿಚ್ಚಲು ಒಪ್ಪದ ಅಂಗಡಿಯವರಿಗೆ ನಮಸ್ಕರಿಸಿ ಮುಂದಿನ ಅಂಗಡಿಗೆ ಹೋಗಬಹುದು.

ಎಲ್ಲಕ್ಕೂ ಮಿಗಿಲಾದ ಪರೀಕ್ಷೆ ಅರ್ಧ ಗಂಟೆಯದು. ಐದು ನಿಮಿಷ ಚಾಲೂ ಮಾಡಿ ತೋರಿಸುವುದನ್ನು ನೋಡಿ ಹಣ ಕೊಡಬಾರದು. ಆಟವನ್ನೋ ಭಾರವಾದ ಬೇರೆ ಕೆಲಸವನ್ನೋ ಅರ್ಧ ಗಂಟೆ ಎಡೆಬಿಡದೆ ಓಡಿಸಿದಾಗ ಯಂತ್ರದ ನಿಜಸ್ವರೂಪ ಹೊರಬೀಳುತ್ತದೆ. ಆರಂಭದಿಂದಲೇ ನಿಧಾನವಾದರೆ ಆಟಕ್ಕೆ ಪ್ರಕೃತಿಯ ಶಕ್ತಿ ಸಾಲದು, ಅದಕ್ಕೆ ಔಷಧವಿಲ್ಲ. ಆಗಾಗ ತಡವರಿಸಿ ಡಿಸ್ಕಿನ ದೀಪ ಬಿಡದೆ ಉರಿದರೆ ರ‍್ಯಾಮೋ ಡಿಸ್ಕೋ ಕೊರತೆಯಲ್ಲಿದೆ, ಬದಲಿಸಬಹುದು. ಮೊದಲು ಚೆನ್ನಾಗಿ ಓಡಿ ಹತ್ತು ಹದಿನೈದು ನಿಮಿಷಗಳ ಬಳಿಕ ಕುಂಟಿದರೆ ತಾಪದ ದೋಷ.

ಈ ಕೊನೆಯ ದೋಷವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಇದರ ಹೆಸರಿನಲ್ಲಿಯೇ ಬಡವರ ಹಣ ಹೆಚ್ಚು ಪೋಲಾಗುವುದು. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಹದಿನೆಂಟು ಸಾವಿರ ರೂಪಾಯಿಗಳಿಗೆ ಇಂಥದೊಂದು ಯಂತ್ರವನ್ನು ಕೊಂಡನು. ಅದರಲ್ಲಿ ಹನ್ನೊಂದು ಸಾವಿರ ಅವನ ತಾಯಿ ಬೀಡಿ ಕಟ್ಟಿ ಕೂಡಿಟ್ಟುದು. ಎರಡು ವಾರಗಳಲ್ಲಿ ಯಂತ್ರವು ಆಟದ ನಡುವೆ ಫಕ್ಕನೆ ಆರಿಹೋಗತೊಡಗಿತು. ಕೊಂಡ ಅಂಗಡಿಯಲ್ಲಿ ‘ಬೋರ್ಡು ಹೋಗಿದೆ, ಒಂಬತ್ತು ಸಾವಿರವಾಗುತ್ತದೆ, ಇಲ್ಲವಾದರೆ ಗುಜರಿಗೆ ಎರಡು ಸಾವಿರ ಕೊಡುತ್ತೇವೆ’ ಎಂಬ ಉತ್ತರ ಬಂದಿತು. ಹುಡುಗನು ತಾಯಿಗೆ ಹೇಳಲಾರದೆ ನನ್ನ ಬಳಿಗೆ ಬಂದನು. ಪ್ರತಿ ಸಲವೂ ಆರುವುದು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಸುಮಾರು ಹತ್ತು ನಿಮಿಷಕ್ಕೆ ಎಂದನು. ಬೋರ್ಡು ಸತ್ತಿದ್ದರೆ ಹೀಗೆ ನಿಯಮ ತಪ್ಪದೆ ಹತ್ತು ನಿಮಿಷ ದುಡಿಯುವುದೇಕೆ ಎಂಬ ಸಂಶಯದಿಂದ ಇಬ್ಬರೂ ಹಂಪನಕಟ್ಟೆಯ ಸಮೀಪದ ಮಹಡಿಯೊಂದರ ಇಕ್ಕಟ್ಟಾದ ಕೋಣೆಯಲ್ಲಿ ಕುಳಿತು ಕೆಲಸ ಮಾಡುವ ವಯಸ್ಸಾದ ರಿಪೇರಿಯವರ ಬಳಿಗೆ ಹೋದೆವು. ಅವರು ಯಂತ್ರಕ್ಕೆ ಕಿವಿಯಿಟ್ಟು ಫ್ಯಾನಿನ ಸದ್ದನ್ನು ಕೇಳಿದರು; ಹಿಂಬದಿಯ ಕಿಂಡಿಗೆ ಅಂಗೈ ಹಿಡಿದರು. ‘ಇದಕ್ಕೆ ರೋಗ ಇಲ್ಲ ಮಾರಾಯ, ಉಸಿರು ಕಟ್ಟಿದೆ ಅಷ್ಟೆ’ ಎಂದು ಹುಡುಗನ ಕೈಗೇ ತಿರುಪುಳಿಯನ್ನು ಕೊಟ್ಟರು. ಒಳಗೆ ಧೂಳು ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕುಳಿತಿತ್ತು. ಆ ದಿನದ ಖರ್ಚು ಆರುನೂರು ರೂಪಾಯಿ.

ಆ ಕೋಣೆಯಲ್ಲಿ ಹುಡುಗನು ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತೇನೆ. ಪ್ರೊಸೆಸರಿನ ತಾಪವನ್ನು ತಾಮ್ರದ ಕೊಳವೆಯೊಂದು ಹೊತ್ತು ತಂದು ಅಂಚಿನಲ್ಲಿರುವ ಲೋಹದ ತೆಳುಹಾಳೆಗಳಿಗೆ ಒಪ್ಪಿಸುತ್ತದೆ. ಫ್ಯಾನು ಅವುಗಳ ನಡುವೆ ಗಾಳಿಯನ್ನು ಹಾಯಿಸಿ ತಾಪವನ್ನು ಹೊರದೂಡುತ್ತದೆ. ಪ್ರೊಸೆಸರಿಗೂ ತಾಮ್ರಕ್ಕೂ ನಡುವೆ ತೆಳುವಾಗಿ ಹಚ್ಚಿರುವ ಥರ್ಮಲ್ ಪೇಸ್ಟ್ ಎಂಬ ಲೇಪವು ವರ್ಷಗಳು ಕಳೆದಂತೆ ಒಣಗಿ ಸುಣ್ಣದ ಹೆಕ್ಕಳೆಯಾಗುತ್ತದೆ. ಲೇಪ ಒಣಗಿ, ಹಾಳೆಗಳ ಸಂದು ಮುಚ್ಚಿದರೆ ಪ್ರೊಸೆಸರ್ ತೊಂಬತ್ತೈದು ನೂರು ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾದು, ತನ್ನನ್ನು ಉಳಿಸಿಕೊಳ್ಳುವುದಕ್ಕಾಗಿ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಸಾಲದಿದ್ದರೆ ಯಂತ್ರವೇ ಆರುತ್ತದೆ. ಶುಚಿಗೊಳಿಸಲು ಮೊದಲು ಯಂತ್ರವನ್ನು ಪೂರ್ಣವಾಗಿ ಆರಿಸಿ ಚಾರ್ಜರನ್ನು ಕೀಳಬೇಕು. ತಳ ಬಿಚ್ಚಿದ ಕೂಡಲೆ ಬ್ಯಾಟರಿಯ ತಂತಿಯ ಜೋಡಣೆಯನ್ನು ಫಲಕದಿಂದ ಬಿಡಿಸಬೇಕು. ತಿರುಪುಗಳು ಒಂದೇ ಉದ್ದದವಲ್ಲ. ಗಿಡ್ಡ ತಿರುಪಿನ ತೂತಿಗೆ ಉದ್ದನೆಯದನ್ನು ಬಿಗಿದರೆ ಫಲಕವೇ ಸೀಳೀತು. ಆದುದರಿಂದ ಕಾಗದದ ಮೇಲೆ ಯಂತ್ರದ ಆಕಾರವನ್ನು ಬರೆದು ಆಯಾ ಸ್ಥಾನದಲ್ಲಿ ಆಯಾ ತಿರುಪನ್ನು ಇಡುವುದು ಒಳ್ಳೆಯದು. ಫ್ಯಾನನ್ನು ಬೆರಳಿನಿಂದ ಹಿಡಿದುಕೊಂಡೇ ಮೃದುವಾದ ಕುಂಚದಿಂದ ಧೂಳನ್ನು ತೆಗೆಯಬೇಕು. ಊದುವ ಗಾಳಿಗೆ ಅದು ಗಿರ್ರನೆ ತಿರುಗಲು ಬಿಡಬಾರದು. ತಾಮ್ರದ ಭಾಗವನ್ನು ಹಿಡಿದಿರುವ ತಿರುಪುಗಳ ಪಕ್ಕದಲ್ಲಿ ಸಾಮಾನ್ಯವಾಗಿ ಅಂಕಿಗಳನ್ನು ಕೊರೆದಿರುತ್ತಾರೆ. ಬಿಗಿಯುವಾಗ ಆ ಕ್ರಮದಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹೊಸದನ್ನು ಹೆಸರುಕಾಳಿನಷ್ಟು ಇಟ್ಟರೆ ಸಾಕು. ಹೆಚ್ಚು ಹಚ್ಚಿದರೆ ಹೆಚ್ಚು ತಂಪು ಎಂಬುದು ಭ್ರಮೆ.

ರ‍್ಯಾಮ್ ಮತ್ತು ಡಿಸ್ಕಿನ ವಿಷಯ ಇಷ್ಟು ದೀರ್ಘವಲ್ಲ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಅದನ್ನು ತೆಗೆದು ಎಸ್‌ಎಸ್‌ಡಿ ಹಾಕುವುದು ಮೊದಲ ಕೆಲಸ. ಯಂತ್ರವು ಎಚ್ಚರಗೊಳ್ಳುವ ವೇಗದಲ್ಲಿಯೇ ಭೇದ ಕಾಣುವುದು. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಯಂತ್ರವು ಚಿತ್ರಗಳಿಗಾಗಿ ರ‍್ಯಾಮಿನಿಂದಲೇ ಕಡ ತೆಗೆದುಕೊಳ್ಳುವುದರಿಂದ, ಎಂಟು ಜಿಬಿಯ ಒಂದೇ ಪಟ್ಟಿಗಿಂತ ನಾಲ್ಕು ನಾಲ್ಕರ ಎರಡು ಪಟ್ಟಿಗಳು ಆಟವನ್ನು ಎದ್ದು ಕಾಣುವಷ್ಟು ಚುರುಕಾಗಿಸುತ್ತವೆ. ಎಂಟೆಂಟರ ಎರಡಿದ್ದರೆ ಇನ್ನೂ ಲೇಸು. ಆದರೆ 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಬೃಹತ್ ಕೇಂದ್ರಗಳ ಬೇಡಿಕೆಯಿಂದಾಗಿ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಏರಿತು. ಎಲ್ಲಿಯೋ ಕಟ್ಟುವ ಅರಮನೆಗೆ ನಮ್ಮ ಹುಡುಗನ ಜೇಬು ತೆರಿಗೆ ಕೊಡಬೇಕಾಯಿತು. ಆದುದರಿಂದ ರ‍್ಯಾಮನ್ನು ಅಂದಿನ ಬೆಲೆ ಕೇಳಿಕೊಂಡೇ ಲೆಕ್ಕಕ್ಕೆ ಸೇರಿಸಬೇಕು. ಸಾಕಷ್ಟು ರ‍್ಯಾಮ್ ಇರುವ ಯಂತ್ರಕ್ಕೆ ಸಾವಿರ ರೂಪಾಯಿ ಹೆಚ್ಚು ತೆತ್ತರೂ ನಷ್ಟವಿಲ್ಲದಿರಬಹುದು.

ಚಾರ್ಜರಿನಲ್ಲಿ ವೋಲ್ಟೇಜು ಯಂತ್ರದ ತಳದಲ್ಲಿ ಬರೆದಿರುವುದಕ್ಕೆ ಸರಿಹೊಂದಬೇಕು. ವ್ಯಾಟ್ ಅದಕ್ಕಿಂತ ಕಡಿಮೆಯಿರಬಾರದು, ಹೆಚ್ಚಿದ್ದರೆ ಬಾಧಕವಿಲ್ಲ. 120 ವ್ಯಾಟ್ ಬೇಡುವ ಆಟದ ಯಂತ್ರಕ್ಕೆ 65 ವ್ಯಾಟಿನ ಚಾರ್ಜರನ್ನು ಜೊತೆಗಿತ್ತು ಮಾರುವುದುಂಟು. ಅಂಥ ಯಂತ್ರ ಆಟದ ಹೊತ್ತಿನಲ್ಲಿ ಅರೆಹೊಟ್ಟೆಯ ಕೂಲಿಯಂತೆ ಸೋಲುತ್ತದೆ. ಬ್ಯಾಟರಿಯ ಸ್ಥಿತಿಯನ್ನು ವಿಂಡೋಸ್ ತಾನೇ ವರದಿ ಮಾಡಬಲ್ಲದು. ತಯಾರಾದಾಗಿನ ಧಾರಣಶಕ್ತಿ 48,000 ಮಿಲಿವ್ಯಾಟ್ ಗಂಟೆಯಿದ್ದು ಈಗ 24,000 ಎಂದು ತೋರಿಸಿದರೆ ಅರ್ಧಾಯುಷ್ಯ ಕಳೆದಿದೆಯೆಂದರ್ಥ. ಅಷ್ಟನ್ನು ಬೆಲೆಯಲ್ಲಿ ಇಳಿಸಿ ಕೇಳಬಹುದು.

ಇಷ್ಟೆಲ್ಲ ನೋಡಿದ ಮೇಲೂ ಒಂದು ಉಳಿಯುತ್ತದೆ: ಯಂತ್ರವು ಮಾರುವವನದೇ ಹೌದೆ? ತಳದಲ್ಲಿರುವ ಕ್ರಮಸಂಖ್ಯೆಯೂ, ಯಂತ್ರವನ್ನು ಚಾಲೂ ಮಾಡುವಾಗ ಬಯೋಸ್ ಪುಟದಲ್ಲಿ ಕಾಣುವ ಕ್ರಮಸಂಖ್ಯೆಯೂ ಒಂದೇ ಆಗಿರಬೇಕು. ಆ ಪುಟಕ್ಕೆ ಗುಪ್ತಪದದ ಬೀಗ ಬಿದ್ದಿದ್ದರೆ, ಅಥವಾ ಹೊಸದಾಗಿ ವಿಂಡೋಸ್ ಹಾಕಿದೊಡನೆ ಯಾವುದೋ ಕಂಪನಿಯ ಹೆಸರು ಮೂಡಿ ಅಲ್ಲಿನ ಉದ್ಯೋಗಿಯ ಗುಪ್ತಪದವನ್ನು ಕೇಳಿದರೆ, ಎಷ್ಟೇ ಅಗ್ಗವಾಗಿದ್ದರೂ ಬಿಡಬೇಕು. ಕದ್ದ ಮಾಲೆಂದು ತಿಳಿದೂ ಅಥವಾ ಹಾಗೆ ನಂಬಲು ಕಾರಣವಿದ್ದೂ ದುರುದ್ದೇಶದಿಂದ ಅದನ್ನು ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಅಪರಾಧ. ಕ್ರಮಸಂಖ್ಯೆ, ದಿನಾಂಕ, ಮಾರಿದವರ ಸಹಿ ಇರುವ ರಸೀದಿಯನ್ನು ಸಹಪಾಠಿಯಿಂದ ಕೊಂಡರೂ ಕೇಳಿ ಪಡೆಯಬೇಕು. ಇದರಲ್ಲಿ ಸಂಕೋಚಪಡುವಂಥದೇನೂ ಇಲ್ಲ. ರಸೀದಿಯಿರುವುದರಿಂದಲೇ ಸ್ನೇಹ ಉಳಿಯುವುದು.

ದುರಸ್ತಿಯವರೊಡನೆ ವ್ಯವಹರಿಸುವಾಗ ಚೌಕಾಸಿಗೂ ಒಂದು ಮಿತಿಯಿರಲಿ. ಸೂಜಿಯ ಕಾಯಕದಿಂದಲೇ ಹೆಸರಾದ ರಾಮಿತಂದೆಯನ್ನು ಶರಣರ ಸಾಲಿನಲ್ಲಿ ಕೂರಿಸಿಕೊಂಡ ಪರಂಪರೆ ನಮ್ಮದು. ಸೂಕ್ಷ್ಮದರ್ಶಕದ ಕೆಳಗೆ ಎಳ್ಳಿಗಿಂತ ಚಿಕ್ಕ ಬಿಡಿಭಾಗವನ್ನು ಬೆಸುಗೆ ಹಾಕುವವರ ಕಣ್ಣಿನ ಕೂಲಿಯಿಂದ ಐವತ್ತು ರೂಪಾಯಿ ಕಡಿದು ಸಂತೋಷಪಡುವುದು ಆ ಪರಂಪರೆಗೆ ಒಪ್ಪುವುದಿಲ್ಲ. ಅದರ ಬದಲು ಎರಡು ವಿಷಯಗಳನ್ನು ವಿನಯದಿಂದ ಕೇಳಬೇಕು: ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡುವ ಅನುಮತಿ, ಮತ್ತು ಬದಲಿಸಿದ ಹಳೆಯ ಬಿಡಿಭಾಗ. ನಿಜವಾದ ಕಸುಬುದಾರರು ಈ ಎರಡಕ್ಕೂ ಬೇಸರಿಸುವುದನ್ನು ನಾನು ಕಂಡಿಲ್ಲ. ಫಲಕದ ಮೇಲಿನ ಬೆಸುಗೆಯ ಕೆಲಸವನ್ನೂ ಚಾರ್ಜರಿನ ಒಳಭಾಗವನ್ನೂ ಅವರಿಗೇ ಬಿಡಬೇಕು. ಯೂಟ್ಯೂಬಿನ ದೃಶ್ಯವನ್ನು ನೋಡಿದ ಮಾತ್ರಕ್ಕೆ ಮನೆಯ ಇಸ್ತ್ರಿಪೆಟ್ಟಿಗೆ ಬೆಸುಗೆಯ ಸಾಧನವಾಗದು.

ಮಳೆಗಾಲದ ಆರೈಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮುಂಗಾರಿಗೆ ಮೊದಲು ಗುಡುಗು ಸಿಡಿಲಿನ ಸಂಜೆಗಳಲ್ಲಿ ಚಾರ್ಜರನ್ನು ಗೋಡೆಯಿಂದ ಕಿತ್ತಿಡಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಯಂತ್ರವನ್ನು ದಿನಗಟ್ಟಲೆ ಚೀಲದಲ್ಲಿ ಮುಚ್ಚಿಡದೆ ದಿನಕ್ಕೆ ಸ್ವಲ್ಪ ಹೊತ್ತಾದರೂ ನಡೆಸಿದರೆ ಅದರ ತಾಪವೇ ಒಳಗಿನ ತೇವವನ್ನು ಆರಿಸುತ್ತದೆ. ಹಾಸಿಗೆಯ ಮೇಲೂ ದಿಂಬಿನ ಮೇಲೂ ಇಟ್ಟು ಆಡಿದರೆ ತಳದ ಕಿಂಡಿಗಳು ಮುಚ್ಚಿ ಉಸಿರು ಕಟ್ಟುತ್ತದೆ. ಮಣೆಯೊಂದರ ಮೇಲೆ ಇಡಬೇಕು. ಹಂಚಿನ ಮನೆಗಳಲ್ಲಿ ಇರುವೆಗಳು ಬೆಚ್ಚನೆಯ ಜಾಗವನ್ನು ಹುಡುಕಿಕೊಂಡು ಯಂತ್ರದೊಳಗೆ ಸಂಸಾರ ಹೂಡುವುದುಂಟು. ಆಡುತ್ತಾ ಚಕ್ಕುಲಿ ತಿನ್ನುವ ಅಭ್ಯಾಸವನ್ನು ಬಿಟ್ಟರೆ ಆ ಅತಿಥಿಗಳೂ ಬಾರರು.

ಬದಲಿಸಿ ತೆಗೆದ ಹಳೆಯ ಬ್ಯಾಟರಿಯನ್ನು, ಅದರಲ್ಲಿಯೂ ಉಬ್ಬಿದುದನ್ನು, ಚುಚ್ಚುವುದಾಗಲಿ ಅದುಮುವುದಾಗಲಿ ಸರ್ವಥಾ ಕೂಡದು. ಅದು ಬೆಂಕಿ ಹತ್ತಿ ಉರಿಯುತ್ತದೆ. ಮನೆಯ ಕಸದೊಡನೆಯೂ ಹಾಕಬಾರದು. ಬ್ಯಾಟರಿ ಮತ್ತು ವಿದ್ಯುನ್ಮಾನ ತ್ಯಾಜ್ಯಗಳಿಗೆ 2022ರಲ್ಲಿ ಪ್ರತ್ಯೇಕ ನಿಯಮಗಳು ಬಂದಿವೆ. ಹೊಸ ಬ್ಯಾಟರಿಯನ್ನು ಕೊಂಡ ಅಂಗಡಿಯಲ್ಲಿಯೇ ಹಳೆಯದನ್ನು ಒಪ್ಪಿಸಲು ಕೇಳಬಹುದು. ಅಲ್ಲಿಯವರೆಗೆ ಅದರ ಲೋಹದ ತುದಿಗಳಿಗೆ ಟೇಪು ಸುತ್ತಿ, ಮಕ್ಕಳ ಕೈಗೆ ಸಿಗದಂತೆ, ಮರದ ಕಪಾಟಿನಿಂದ ದೂರವಾಗಿ ಮಣ್ಣಿನ ಮಡಕೆಯಲ್ಲಿ ಮರಳು ಹಾಕಿ ಇಡಬಹುದು.